ನಕ್ಷೆಯಲ್ಲಿ ಬೇರೆಯವರ ನಂಬರು: ಶಿರಸಿ ಕಡೆಯ ಒಂದು ಹೋಂಸ್ಟೇ ಪ್ರಕರಣ

ಈ ಪ್ರಕರಣದಲ್ಲಿ ತಪ್ಪು ಮಾಡಿದವರಲ್ಲಿ ನಾನೂ ಒಬ್ಬ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜನರ ಗುರುತು ಸಿಗಬಾರದು ಅಂತ ಹಣದ ಮೊತ್ತ, ಕೋಣೆಗಳ ಲೆಕ್ಕ, ಇನ್ನೊಂದೆರಡು ವಿವರ ಬದಲಾಯಿಸಿದ್ದೇನೆ. ಮನೆಯ ಯಜಮಾನರನ್ನು ಇಲ್ಲಿ ಭಾವ ಅಂತ ಕರೆಯುತ್ತೇನೆ. ಸಂಬಂಧದಲ್ಲಿ ಅಲ್ಲ, ನಮ್ಮ ಕಡೆ ಎಲ್ಲರೂ ಎಲ್ಲರಿಗೂ ಭಾವನೇ. ಅವರ ಹೆಂಡತಿ ಅಕ್ಕ. ಭಾವನ ತಮ್ಮನ ಮಗ, ಕಾಲೇಜು ಓದುವವನು, ಮಾಣಿ. ಬರೆದದ್ದನ್ನು ಮೂವರಿಗೂ ಓದಿ ಹೇಳಿದ್ದೇನೆ. ಮುಂದೆ ಈ ಕಥೆಯಲ್ಲಿ ಬರುವ ಹುಬ್ಬಳ್ಳಿಯ ಒಬ್ಬ ಹುಡುಗಿಯ ಅಣ್ಣನಿಗೂ ಕಳಿಸಿದ್ದೆ. ಅವರು ಎರಡು ಸಾಲು ತೆಗೆಯಲು ಹೇಳಿದರು, ತೆಗೆದಿದ್ದೇನೆ.

ಮನೆ ಮತ್ತು ಅದರ ಮೂರು ಹೆಸರು

ಶಿರಸಿಯಿಂದ ಕುಮಟಾ ಕಡೆಗೆ ಹೋಗುವಾಗ ಮುಖ್ಯ ರಸ್ತೆ ಬಿಟ್ಟು ಒಳಗೆ ತಿರುಗಬೇಕು. ಕೆಳಗೆ ಅಡಿಕೆ ತೋಟ, ಮೇಲೆ ಬೆಟ್ಟ, ನಡುವೆ ಅಜ್ಜನ ಕಾಲದ ದೊಡ್ಡ ಮನೆ. ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಖಾಲಿ ಬಿದ್ದಿದ್ದ ನಾಲ್ಕು ಕೋಣೆಗಳನ್ನು ಭಾವ ಹೋಂಸ್ಟೇ ಮಾಡಿದರು. ಯಾಣ, ಉಂಚಳ್ಳಿ, ಸಹಸ್ರಲಿಂಗ ನೋಡಲು ಬಂದವರು ಒಂದೆರಡು ರಾತ್ರಿ ಉಳಿಯುತ್ತಾರೆ. ಅಕ್ಕನ ಅಪ್ಪೆಹುಳಿ ಕುಡಿದವರು ಮರುವರ್ಷ ಇನ್ನೊಬ್ಬರನ್ನು ಕರೆದುಕೊಂಡು ಬರುತ್ತಾರೆ. ಜಾಹೀರಾತು ಅಂತ ಏನೂ ಇಲ್ಲ.

ಗೂಗಲ್ ಮ್ಯಾಪ್‌ನಲ್ಲಿ ಈ ಮನೆಯನ್ನು ಸೇರಿಸಿದ್ದು ಕೂಡ ಇವರಲ್ಲ. ಯಾರೋ ಬಂದುಹೋದ ಅತಿಥಿ ಸೇರಿಸಿದ್ದು. ಹೆಸರನ್ನೂ ಅವರೇ ಇಟ್ಟಿದ್ದರು, ಹಿಂದೆ ಒಂದು 'ನೇಚರ್' ಅಂಟಿಸಿ. ಊರಿನವರಿಗೆ ಅದು ಮನೆತನದ ಹೆಸರಿನ ಮನೆ. ಕರೆಂಟು ಬಿಲ್ಲು ಬರುವುದು ತೀರಿಕೊಂಡ ಅಪ್ಪನ ಹೆಸರಿಗೆ. ಹೀಗೆ ಒಂದೇ ಮನೆಗೆ ಮೂರು ಹೆಸರು. ಮ್ಯಾಪ್‌ನಲ್ಲಿ ಮಾತ್ರ ಅದಕ್ಕೆ ಯಜಮಾನನೇ ಇರಲಿಲ್ಲ.

ನಾನು ಈ ಭಾಗದ ಅಂಗಡಿ, ಹೋಂಸ್ಟೇಗಳಿಗೆ ಇಂಟರ್ನೆಟ್ ಕೆಲಸ ಮಾಡಿಕೊಡುವವ. ಆ ಪ್ರೊಫೈಲನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ ಅಂತ ಭಾವನಿಗೆ ಎರಡು ವರ್ಷದಿಂದ ಹೇಳುತ್ತಿದ್ದೆ. ಮಳೆಗಾಲದಲ್ಲಿ ಕೇಳಿದರೆ "ಮಳೆ ಬಿಡ್ಲಿ", ಚಳಿಗಾಲದಲ್ಲಿ ಕೇಳಿದರೆ "ಕೊಯ್ಲು ಮುಗೀಲಿ". ಅತಿಥಿಗಳು ಬರೆದ ಒಳ್ಳೆಯ ಮಾತು, ಅವರೇ ಹಾಕಿದ ಫೋಟೋ, 4.6 ನಕ್ಷತ್ರ. ಎಲ್ಲ ತಾನಾಗಿಯೇ ನಡೆಯುತ್ತಿತ್ತು, ಹಾಗಾಗಿ ನಾನೂ ಜಾಸ್ತಿ ಒತ್ತಾಯ ಮಾಡಲಿಲ್ಲ.

ಜಗುಲಿಗೆ ಬಂದ ಬೆಳಕು

2023ರ ಡಿಸೆಂಬರ್, ಕ್ರಿಸ್‌ಮಸ್ ರಜೆ. ರಾತ್ರಿ ಒಂಬತ್ತೂವರೆ. ಜಗುಲಿಯಲ್ಲಿ ಏಳೆಂಟು ಜನ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಅಂಗಳಕ್ಕೆ ಒಂದು ಕಾರು ಬಂತು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಬ್ಬರು ವಯಸ್ಸಾದ ತಾಯಿ. ಹುಬ್ಬಳ್ಳಿಯವರು. ಕೋಣೆ ಯಾವುದು ಅಂತ ಕೇಳಿದರು. ನಾಲ್ಕೂ ಕೋಣೆ ಭರ್ತಿಯಾಗಿತ್ತು.

"ರೊಕ್ಕಾ ಹಾಕೀವ್ರೀ, ನೋಡ್ರೀ ಇಲ್ಲಿ," ಅಂತ ಅವರು ಫೋನು ಮುಂದೆ ಹಿಡಿದರು. 6,500 ರೂಪಾಯಿ ಮುಂಗಡ ಹೋಗಿತ್ತು. ವಾಟ್ಸಾಪ್‌ನಲ್ಲಿ ಮಾತಾಡಿದವನ ಹೆಸರಿನ ಜಾಗದಲ್ಲಿ ಇದೇ ಹೋಂಸ್ಟೇ ಹೆಸರು, ಚಿತ್ರದ ಜಾಗದಲ್ಲಿ ಇದೇ ಅಂಗಳ. ಆ ಫೋಟೋದಲ್ಲಿ ಮೂಲೆಯಲ್ಲಿ ಅಕ್ಕ ರಂಗೋಲಿ ಹಾಕುತ್ತಿದ್ದರು. ನಂಬರು ಮಾತ್ರ ಯಾರದ್ದೋ.

ನಡೆದದ್ದು ಇಷ್ಟು. ಮ್ಯಾಪ್‌ನಲ್ಲಿ ಒಂದು ಜಾಗದ ಮಾಹಿತಿ ತಪ್ಪಿದೆ ಅನಿಸಿದರೆ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. ರಸ್ತೆ ಬದಲಾದಾಗ, ಅಂಗಡಿ ಮುಚ್ಚಿದಾಗ ಇದು ಒಳ್ಳೆಯದೇ. ಯಜಮಾನ ಇಲ್ಲದ ಪ್ರೊಫೈಲಿನಲ್ಲಿ ಯಾರೋ ಫೋನ್ ನಂಬರನ್ನೇ ತಿದ್ದಿದ್ದರು. ಹುಡುಕಿದವರು ಆ ನಂಬರಿಗೆ ಫೋನ್ ಮಾಡುತ್ತಿದ್ದರು. ಆ ಕಡೆಯವನು ಅತಿಥಿಗಳೇ ಹಾಕಿದ್ದ ಫೋಟೋಗಳನ್ನು ಕಳಿಸಿ, ಅರ್ಧ ಹಣ ಮುಂಗಡ ಕೇಳುತ್ತಿದ್ದ. ಯುಪಿಐನಲ್ಲಿ ಪಿನ್ ಒತ್ತುವ ಮೊದಲು ಖಾತೆದಾರನ ಹೆಸರು ಕಾಣುತ್ತದೆ ಅಲ್ವಾ? ಇವರಿಗೂ ಕಂಡಿತ್ತು. ಯಾವುದೋ ಸಂಬಂಧವಿಲ್ಲದ ಹೆಸರು. ಕೇಳಿದ್ದಕ್ಕೆ "ಮ್ಯಾನೇಜರ್ ಅಕೌಂಟ್" ಅಂದನಂತೆ. 4.6 ನಕ್ಷತ್ರ ನೋಡಿದ ಮೇಲೆ ಜನ ಅಷ್ಟಕ್ಕೇ ಒಪ್ಪುತ್ತಾರೆ. ದುಡಿದು ಹೆಸರು ಮಾಡಿದ್ದು ಅಕ್ಕ, ಉಂಡದ್ದು ಅವನು.

ಆ ರಾತ್ರಿ ಎರಡು ನಿರ್ಧಾರಗಳಾದವು. ಮೊದಲನೆಯದು ಅಕ್ಕನದು. "ಅಡ್ಡಿಲ್ಲೆ, ಮಕ್ಕ ಇದ್ದ, ಒಳಗೆ ಕರಿ," ಅಂದರು. ಸುಲಿದ ಅಡಿಕೆ ಬುಟ್ಟಿಗಳನ್ನು ಸರಿಸಿ, ನಡುಮನೆಯಲ್ಲಿ ಹಾಸಿಗೆ ಹಾಕಿದರು. ಊಟ ಆಯಿತು. ಹಣ ತೆಗೆದುಕೊಳ್ಳಲಿಲ್ಲ. ಎರಡನೆಯದು ಫೋನಿನಲ್ಲಿ ನಾನು ಹೇಳಿದ್ದು: ಬೆಳಗಿನ ತನಕ ಕಾಯಬೇಡಿ, ಈಗಲೇ 1930ಕ್ಕೆ ಫೋನ್ ಮಾಡಿಸಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲು ದೂರು ಹೋದರೆ ನಡುವೆ ತಡೆಹಿಡಿಯಲು ಆಗುತ್ತದೆ. ಸಿಗ್ನಲ್ ಸಿಗುವುದು ಅಂಗಳದ ತುದಿಯಲ್ಲಿ, ಹಂಡೆ ಒಲೆಯ ಪಕ್ಕ ಮಾತ್ರ. ಆ ಗಂಡಸು ಅಲ್ಲೇ ಅಡಿಕೆ ಬೇಯುವ ಹೊಗೆಯಲ್ಲಿ ನಿಂತು ದೂರು ಕೊಟ್ಟರು. 6,500ರಲ್ಲಿ 4,000 ಸಿಕ್ಕಿಬಿತ್ತು. ಕೈಗೆ ಬರಲು ತಿಂಗಳುಗಳೇ ಹಿಡಿದವು, ಆದರೂ ಬಂತು.

ಮರುದಿನ ನಾನು ಭಾವನಿಗೆ ಹೇಳಿದ ಉಪಾಯ ತಪ್ಪಾಯಿತು. ಐದಾರು ಜನರ ಫೋನಿನಿಂದ ನಂಬರನ್ನು ತಿದ್ದಿಸೋಣ ಅಂದೆ. ತಿದ್ದಿಸಿದೆವು. ಮಧ್ಯಾಹ್ನ ಸರಿಯಾಯಿತು, ಸಂಜೆ ಮತ್ತೆ ಅವನ ನಂಬರೇ ಬಂತು. ಅವನಿಗೆ ದಿನವಿಡೀ ಇದೇ ಕೆಲಸ. ನಮಗೆ ಕೊಯ್ಲು. ಪ್ರೊಫೈಲ್ ವಶಕ್ಕೆ ಪಡೆಯುವ ಕೆಲಸವನ್ನು ಆವತ್ತೇ ಶುರು ಮಾಡಬೇಕಿತ್ತು. ಹಗ್ಗಜಗ್ಗಾಟದಲ್ಲಿ ಎರಡು ದಿನ ಕಳೆದೆವು.

ಐದು ಜನ ಬಂದ ಸಂಜೆ

ಎರಡು ದಿನ ಬಿಟ್ಟು ಮತ್ತೊಂದು ಗುಂಪು ಬಂತು. ಐದು ಜನ, ಎಲ್ಲ ಇಪ್ಪತ್ತೆರಡು ಇಪ್ಪತ್ಮೂರರವರು. ಮೂವರು ಹುಡುಗರು, ಇಬ್ಬರು ಹುಡುಗಿಯರು. ಭಾವ ಆವತ್ತು ಬೆಳಗಿನಿಂದ ಇಂಥದ್ದೇ ನಾಲ್ಕು ಫೋನು ಕೇಳಿ ಬೇಸತ್ತಿದ್ದರು. ಅಕ್ಕ ಮನೆಯಲ್ಲಿ ಇರಲಿಲ್ಲ. ಮಾತಿಗೆ ಮಾತು ಬೆಳೆಯಿತು. ಒಬ್ಬ ಹುಡುಗ ಕೂಗಾಡಿದ. ಹಣ ಕೊಟ್ಟದ್ದಕ್ಕೆ ಸಾಕ್ಷಿ ಕೇಳಿದಾಗ, ಪಾವತಿ ಮಾಡಿದ್ದ ಹುಡುಗಿ ಸ್ಕ್ರೀನ್‌ಶಾಟನ್ನು ಮಾಣಿಯ ವಾಟ್ಸಾಪ್‌ಗೆ ಕಳಿಸಿದಳು. ಅವಳು ಜೋರು ಮಾತಾಡಿದ್ದೇ ಇಲ್ಲ, ಕಾರಿನ ಪಕ್ಕ ಸುಮ್ನೆ ನಿಂತಿದ್ದಳು ಅಂತ ಆಮೇಲೆ ಮಾಣಿಯೇ ಹೇಳಿದ.

ಅವರು ಹೋದರು. ದಾರಿಯಲ್ಲೇ ಒಬ್ಬ ಒಂದು ನಕ್ಷತ್ರದ ವಿಮರ್ಶೆ ಬರೆದ: ದುಡ್ಡು ತಗೊಂಡು ರೂಮ್ ಇಲ್ಲ ಅಂತಾರೆ, ಓನರ್ ಕಳ್ಳ.

ಮಾಣಿಗೆ ರಕ್ತ ಕುದಿಯಿತು. ಇವರೇ ಯಾಕೆ ಆ ವಂಚಕನ ಕಡೆಯವರಾಗಿರಬಾರದು ಅನ್ನುವ ಅನುಮಾನವೂ ಬಂತು. ನಕಲಿ ಪಾವತಿಯ ಸ್ಕ್ರೀನ್‌ಶಾಟ್ ಮಾಡುವುದು ಈಗ ಕಷ್ಟವೇನಲ್ಲ. ಜಗುಲಿಯ ಸಿಸಿಟಿವಿಯಿಂದ ಐವರ ಮುಖ ಕಾಣುವ ಚಿತ್ರ ತೆಗೆದ. ಹುಡುಗಿ ಕಳಿಸಿದ್ದ ಸ್ಕ್ರೀನ್‌ಶಾಟ್ ಜೋಡಿಸಿದ. ಅದರಲ್ಲಿ ಅವಳ ಪೂರ್ತಿ ಹೆಸರಿತ್ತು. ಯುಪಿಐ ಐಡಿಯಲ್ಲಿ ಅವಳ ಮೊಬೈಲ್ ನಂಬರೇ ಇತ್ತು. "ನಕಲಿ ಬುಕಿಂಗ್ ತೋರಿಸಿ ಗಲಾಟೆ ಮಾಡಿದವರು, ಎಲ್ಲ ಹೋಂಸ್ಟೇಯವರೂ ಎಚ್ಚರ" ಅಂತ ಬರೆದು ಫೇಸ್‌ಬುಕ್‌ಗೂ ನಾಲ್ಕು ವಾಟ್ಸಾಪ್ ಗುಂಪಿಗೂ ಹಾಕಿದ. ಭಾವ ನೋಡಿ "ಸರಿ ಆತು" ಅಂದರು.

ನಾನೂ ನೋಡಿದೆ. ಹೆಬ್ಬೆರಳು ಒತ್ತಿದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ, ಕುಮಟಾ–ಗೋಕರ್ಣ ಕಡೆಯ ವಸತಿಯವರ ದೊಡ್ಡ ಗುಂಪೊಂದಕ್ಕೆ ಕಳಿಸಿದೆ. ಜನರಿಗೆ ಖಾಸಗಿತನದ ಪಾಠ ಹೇಳುವವನು ನಾನೇ. ಆ ಕ್ಷಣದಲ್ಲಿ ಸ್ಕ್ರೀನ್‌ಶಾಟ್ ಒಳಗೆ ಏನಿದೆ ಅಂತ ಓದಿರಲೂ ಇಲ್ಲ. ನಮ್ಮ ಭಾವನಿಗೆ ಅನ್ಯಾಯ ಆಗಿದೆ ಅನ್ನುವುದೊಂದೇ ತಲೆಯಲ್ಲಿತ್ತು.

ನನ್ನ ಮಟ್ಟಿಗೆ ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಅಲ್ಲಿಯ ತನಕ ಮೋಸ ಹೋದವರು ಭಾವ. ಮುಂದೆ ಹಾಗೆ ಹೇಳಲು ಬರುವುದಿಲ್ಲ.

ಅಣ್ಣನ ಫೋನು

ಮೂರನೇ ದಿನ ಬೆಳಿಗ್ಗೆ ಆ ಹುಡುಗಿಯ ಅಣ್ಣ ಫೋನ್ ಮಾಡಿದರು. ಬೈಯಲಿಲ್ಲ. ಹಿಂದಿನ ರಾತ್ರಿಯಿಂದ ತಂಗಿಗೆ ಮೂವತ್ತಕ್ಕಿಂತ ಜಾಸ್ತಿ ಕರೆ ಬಂದಿವೆ ಅಂದರು. ಕೆಲವರು ಬೈಯುವವರು, ಕೆಲವರು "ರೂಮ್ ಬೇಕಾ" ಅಂತ ಕೇಳುವವರು. ಅವಳು ಪ್ರವಾಸ ಹೋದದ್ದು ಮನೆಯಲ್ಲಿ ಹಿರಿಯರಿಗೆ ಗೊತ್ತಿರಲಿಲ್ಲ. ಓಣಿಯ ಗುಂಪಿಗೆ ಚಿತ್ರ ಬಂದು ಗೊತ್ತಾಗಿತ್ತು. "ನಮ್ಮ ಹುಡುಗಿ ರೊಕ್ಕಾ ಕಳ್ಕೊಂಡಾಳ್ರೀ. ಕಳ್ಳಿ ಅಂತ ಹಾಕೀರಿ," ಅಂದರು.

ಭಾವ ಫೋನ್ ಇಟ್ಟು ಬಹಳ ಹೊತ್ತು ಮಾತಾಡಲಿಲ್ಲ. ಅಕ್ಕ ಅಲ್ಲೇ ಇದ್ದರು. "ನಮ್ಮನೆ ಕೂಸಿನ ಫೋಟೋ ಹೀಂಗೆ ಹಾಕಿದ್ರೆ?" ಅಂದರು ಅಷ್ಟೆ.

ಸಂಜೆ ಸಂಬಂಧಿಕ ವಕೀಲರೊಬ್ಬರು ಬಂದರು. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ್ದನ್ನು ನೆನಪಿಸಿದರು. ಆ ಅರ್ಜಿ ಹಾಕಿದ್ದ ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ಭಾವ ಇನ್ನೂ ಸ್ವಲ್ಪ ಬಿಗಿಯಾಗಿಯೇ ಇದ್ದರು. "ಅದು ಸರ್ಕಾರಕ್ಕಾತು. ನಾನೆಂತ ಸರ್ಕಾರವ?" ಅಂದರು. ಕಾನೂನಿನ ಲೆಕ್ಕದಲ್ಲಿ ಆ ಪ್ರಶ್ನೆ ಅಷ್ಟೇನೂ ತಪ್ಪಲ್ಲ. ಮೂಲಭೂತ ಹಕ್ಕಿನ ಮಾತು ಹೆಚ್ಚಾಗಿ ಬರುವುದು ಸರ್ಕಾರದ ಎದುರಿಗೇ. ವಕೀಲರು ವಾದ ಬೆಳೆಸಲಿಲ್ಲ. "ಆ ಕೂಸಿಗೆ ನಿನ್ನೆ ರಾತ್ರಿ ನಿದ್ದೆ ಕೆಡಿಸಿದ್ದು ಸರ್ಕಾರ ಅಲ್ದೋ ಮಾರಾಯಾ," ಅಂದರು.

ಅಳಿಸುವ ಕೆಲಸ ಶುರುವಾಯಿತು. ಇಲ್ಲಿ ನಾವು ಕಲಿತದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದು ಎಲ್ಲರಿಗೂ ಒಂದಲ್ಲ ಒಂದು ದಿನ ಬೇಕಾಗುತ್ತದೆ. ಫೇಸ್‌ಬುಕ್‌ನಲ್ಲಿ ಮೂಲ ಪೋಸ್ಟ್ ಅಳಿಸಿದರೆ, ಅದನ್ನು ಶೇರ್ ಮಾಡಿದವರ ಕಡೆಯೂ ಅದು ಕಾಣದಂತೆ ಆಗುತ್ತದೆ. ಆದರೆ ಚಿತ್ರ ಇಳಿಸಿಕೊಂಡು ತಾವೇ ಹೊಸದಾಗಿ ಹಾಕಿದವರದ್ದು ಹೋಗುವುದಿಲ್ಲ. ವಾಟ್ಸಾಪ್‌ನಲ್ಲಿ ಎಲ್ಲರಿಗೂ ಕಾಣದಂತೆ ಅಳಿಸಲು ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಸಮಯ ಇರುತ್ತದೆ. ನಾವು ಆ ಸಮಯದೊಳಗೇ ಇದ್ದೆವು, ನಾಲ್ಕು ಗುಂಪಿನಿಂದಲೂ ಮಾಣಿ ತೆಗೆದ. ನಾನು ನನ್ನದನ್ನು ತೆಗೆದೆ. ಅಲ್ಲಿಂದ ಮುಂದಕ್ಕೆ ಹೋದ ಪ್ರತಿಗಳಿಗೆ ಮಾತ್ರ ನಮ್ಮ ಬೆರಳು ತಾಗುವುದಿಲ್ಲ. ಯಾರ್‍ಯಾರ ಕೈ ಸೇರಿದೆ ಅಂತ ಕೇಳಿ ಕೇಳಿ ಹನ್ನೊಂದು ಗುಂಪು ಪತ್ತೆ ಮಾಡಿದೆವು. ಒಬ್ಬೊಬ್ಬ ಅಡ್ಮಿನ್‌ಗೆ ಫೋನ್ ಮಾಡಿದೆವು. ಸಂದೇಶ ಹಾಕಿದರೆ ಅದೂ ಚರ್ಚೆಯಾಗುತ್ತದೆ, ಚಿತ್ರ ನೋಡದವರೂ ಹುಡುಕಿ ನೋಡುತ್ತಾರೆ. ಎಂಟು ಜನ ತೆಗೆದರು. ಇಬ್ಬರು ಫೋನ್ ಎತ್ತಲಿಲ್ಲ. ಒಬ್ಬರು "ಹಳೇದಾಯ್ತು ಬಿಡಿ ಭಾವ, ಯಾರು ನೋಡ್ತಾರೆ" ಅಂದರು. ಹಳೇದಾಗಿ ಎರಡು ದಿನ ಆಗಿತ್ತು.

ಇದರ ನಡುವೆ ಇನ್ನೊಂದು ತಪ್ಪು ಆಗುವುದರಲ್ಲಿತ್ತು. ಭಾವನಿಗೆ ಈಗ ನಿಜವಾಗಿ ಸಂಕಟ ಆಗಿತ್ತು. ಸಾರ್ವಜನಿಕವಾಗಿ ಕ್ಷಮೆ ಕೇಳುತ್ತೇನೆ, ಅವಳ ಹೆಸರು ಹೇಳಿಯೇ ಇವಳ ತಪ್ಪಿಲ್ಲ ಅಂತ ಬರೆಯುತ್ತೇನೆ ಅಂತ ಹಟ ಹಿಡಿದರು. ಒಂದು ಪುಟ ಬರೆದೂ ಇಟ್ಟಿದ್ದರು. ಓದಿದರೆ ಕಣ್ಣಲ್ಲಿ ನೀರು ಬರುವಂತಿತ್ತು. ನನಗೂ ಅದು ಸರಿ ಅನಿಸಿತು. ಅಕ್ಕ ಮಾತ್ರ, ಆ ಕೂಸಿನ ಹತ್ತಿರ ಒಂದು ಮಾತು ಕೇಳಿ ಅಂದರು. ಅಕ್ಕನೇ ಫೋನ್ ಮಾಡಿದರು. ಹುಡುಗಿ ಹೇಳಿದ್ದು ಎರಡೇ ಮಾತು: ನನ್ನ ಹೆಸರು ಮತ್ತೆ ಎಲ್ಲೂ ಬರೆಯಬೇಡಿ, ಒಳ್ಳೆಯದಕ್ಕೂ ಬೇಡ. ಹುಬ್ಬಳ್ಳಿಗೆ ಬಂದು ಕೈಮುಗಿಯುತ್ತೇವೆ ಅಂದದ್ದಕ್ಕೆ, ಬರಬೇಡಿ, ಓಣಿಯವರು ಮತ್ತೆ ಕೇಳುತ್ತಾರೆ ಅಂದಳು.

ಭಾವ ಆ ಪುಟವನ್ನು ಮಡಚಿ ಪಂಚಾಂಗದ ಒಳಗೆ ಇಟ್ಟರು. ನಮ್ಮ ಕ್ಷಮೆಯಲ್ಲಿ ಅವಳಿಗಿಂತ ನಮ್ಮ ಸಮಾಧಾನವೇ ಜಾಸ್ತಿ ಇತ್ತು ಅಂತ ಈಗ ಅನಿಸುತ್ತದೆ.

ಅವಳು 1930ಕ್ಕೆ ದೂರು ಕೊಡಲಿಲ್ಲ. ಪೊಲೀಸರಿಂದ ಮನೆಗೆ ಫೋನು ಬಂದರೆ ಅನ್ನುವ ಭಯ. ಚಿತ್ರ ಹರಿದಾಡುವ ಮೊದಲು ಕೊಡುವ ಯೋಚನೆ ಇತ್ತಂತೆ. ಅವಳ 5,000 ರೂಪಾಯಿ ಹೋಗಿಯೇ ಹೋಯಿತು. ಭಾವ ಕೊಡಲು ಹೋದರು, ಅಣ್ಣ ತೆಗೆದುಕೊಳ್ಳಲಿಲ್ಲ.

ಬೀಗದ ಕೈ ಹಿಡಿದು ವಿಡಿಯೋ

ಅಂತೂ ಮ್ಯಾಪ್ ಪ್ರೊಫೈಲನ್ನು ವಶಕ್ಕೆ ಪಡೆಯುವ ಕೆಲಸಕ್ಕೆ ಕೂತೆವು. ಈ ಜಾಗ ನಿಮ್ಮದೇ ಅಂತ ತೋರಿಸಲು ವಿಡಿಯೋ ಕೇಳುತ್ತಾರೆ. ಕನಿಷ್ಠ 30 ಸೆಕೆಂಡು, ಎಲ್ಲೂ ತುಂಡು ಮಾಡಬಾರದು. ಸುತ್ತಲಿನ ಜಾಗ ಕಾಣಬೇಕು, ಹೆಸರಿನ ಬೋರ್ಡು ಕಾಣಬೇಕು, ಮನೆ ನಡೆಸುವವರು ನೀವೇ ಅನ್ನುವುದಕ್ಕೆ ಬೀಗ ತೆಗೆಯುವಂಥದ್ದು ಏನಾದರೂ ಮಾಡಿ ತೋರಿಸಬೇಕು.

ಮೊದಲ ವಿಡಿಯೋ ತಿರಸ್ಕಾರವಾಯಿತು. ಬೋರ್ಡೇ ಇರಲಿಲ್ಲ. ಊರಿಗೆಲ್ಲ ಗೊತ್ತಿರುವ ಮನೆಗೆ ಬೋರ್ಡು ಯಾಕೆ ಅನ್ನುವುದು ಭಾವನ ವಾದ. ಯಾರೋ ಇಟ್ಟ 'ನೇಚರ್' ಹೆಸರಿನ ಬೋರ್ಡನ್ನು ನನ್ನ ಮನೆ ಮೇಲೆ ತೂಗುಹಾಕಲ್ಲ ಅಂತಲೂ ಹಟ. ಕೊನೆಗೆ ಮನೆತನದ ಹೆಸರನ್ನೇ ಶಿರಸಿಯಲ್ಲಿ ಬರೆಸಿದೆವು. ಮ್ಯಾಪ್‌ನಲ್ಲಿಯೂ ಅದನ್ನೇ ಕೇಳೋಣ ಅಂತಾಯಿತು. ಎರಡನೇ ಸಲ ವಿಡಿಯೋ ತೆಗೆದರೆ ಕಳಿಸಲು ಆಗಲಿಲ್ಲ, ತೋಟದ ಮೇಲೆ ಹಾದುಬಂದ ಕೇಬಲ್ಲಿನ ಮೇಲೆ ಸೋಗೆ ಬಿದ್ದು ತುಂಡಾಗಿತ್ತು. ಕೇಬಲ್ಲಿನ ಹುಡುಗ ಬಂದು ಜೋಡಿಸಿದ ಮೇಲೆ ಮೂರನೇ ಸಲ. ಮಾಣಿ ಫೋನ್ ಹಿಡಿದ, ಭಾವ ರಸ್ತೆಯಿಂದ ನಡೆದು ಬಂದು, ಬೋರ್ಡಿನ ಕೆಳಗೆ ನಿಂತು, ಸೊಂಟದಿಂದ ಬೀಗದ ಕೈ ತೆಗೆದು ಮೇಲಿನ ಕೋಣೆ ಬಾಗಿಲು ತೆರೆದರು. ನಾಲ್ಕನೇ ದಿನ ಒಪ್ಪಿಗೆ ಬಂತು.

ಯಜಮಾನನಾದ ಮೇಲೂ ಎಲ್ಲ ನಮ್ಮ ಕೈಯಲ್ಲಿ ಇರುವುದಿಲ್ಲ. ಯಾರಾದರೂ ತಿದ್ದುಪಡಿ ಸೂಚಿಸುವುದು ನಿಲ್ಲುವುದಿಲ್ಲ. ಬದಲಾವಣೆ ಆಗಿದೆಯೇ ಅಂತ ಆಗಾಗ ನೋಡುತ್ತಿರಬೇಕು. ಮಾಣಿ ಈಗ ಪ್ರತಿ ಸೋಮವಾರ ನೋಡುತ್ತಾನೆ. ವಿಮರ್ಶೆಯನ್ನು ಅಳಿಸುವ ಅಧಿಕಾರವೂ ಯಜಮಾನನಿಗೆ ಇಲ್ಲ. ನಿಯಮ ಮುರಿದಿದೆ ಅಂತ ದೂರಬಹುದು, ಇಲ್ಲವೇ ಉತ್ತರ ಬರೆಯಬಹುದು. ಬರೆದವನೇ ಮನಸ್ಸು ಮಾಡಿದರೆ ತೆಗೆಯಬಹುದು.

ಉತ್ತರ ಬರೆಯಲು ಒಂದು ವಾರ ಹಿಡಿಯಿತು. ಭಾವನ ಮೊದಲ ಕರಡು ಒಂದೂವರೆ ಪುಟ ಇತ್ತು, ಅದರಲ್ಲಿ ಅಜ್ಜನ ಕಾಲದಿಂದ ಅನ್ನದಾನ ಮಾಡಿಕೊಂಡು ಬಂದ ಮನೆ ಅನ್ನುವುದೂ ಇತ್ತು. ಕಡಿಮೆ ಮಾಡುತ್ತಾ ಬಂದು ಕೊನೆಗೆ ಉಳಿದದ್ದು ಇಷ್ಟು: "ನಿಮಗೆ ಆದ ತೊಂದರೆ ನಿಜ. ಈ ಪುಟದಲ್ಲಿ ಕೆಲವು ದಿನ ಬೇರೆಯವರ ನಂಬರು ಇತ್ತು, ನೀವು ಹಣ ಕೊಟ್ಟದ್ದು ಅವರಿಗೆ. ಪುಟವನ್ನು ನಾವು ಮೊದಲೇ ನೋಡಿಕೊಂಡಿರಬೇಕಿತ್ತು. ಆವತ್ತು ನಿಮ್ಮ ಜೊತೆ ನಡೆದುಕೊಂಡದ್ದೂ ಸರಿ ಇರಲಿಲ್ಲ." ಹೆಸರಿಲ್ಲ, ತಾರೀಕಿಲ್ಲ, ಎಷ್ಟು ಜನ ಬಂದಿದ್ದರು ಅನ್ನುವುದೂ ಇಲ್ಲ.

ವಂಚಕನ ಮೇಲೆ ಭಾವನೂ ದೂರು ಕೊಟ್ಟರು. ಬೇರೆಯವರ ಸೋಗು ಹಾಕಿ ಕಂಪ್ಯೂಟರ್, ಫೋನ್ ಮೂಲಕ ವಂಚಿಸುವುದಕ್ಕೆ ಐಟಿ ಕಾಯ್ದೆಯ 66ಡಿ ಕಲಮಿನಲ್ಲಿ ಮೂರು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ ಇದೆ. ಖಾತೆ ಯಾರೋ ಬಡಪಾಯಿಯದ್ದು, ದುಡ್ಡಿಗಾಗಿ ಬೇರೆಯವರಿಗೆ ಬಳಸಲು ಕೊಟ್ಟದ್ದು ಅಂತ ಗೊತ್ತಾಯಿತು. ನಿಜವಾದವನು ಸಿಕ್ಕಿಲ್ಲ. ನಮಗೆ ಗೊತ್ತಾದಂತೆ ಒಟ್ಟು ಏಳು ಕುಟುಂಬ ಹಣ ಕಳೆದುಕೊಂಡವು. ಸ್ವಲ್ಪವಾದರೂ ವಾಪಸ್ ಬಂದದ್ದು ಆ ರಾತ್ರಿಯೇ ಫೋನ್ ಮಾಡಿದವರಿಗೆ ಮಾತ್ರ.

ಈಗ

2024ರ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಶಿರಸಿ ಸುತ್ತ ಎಲ್ಲೂ ಕೋಣೆ ಸಿಗುವುದಿಲ್ಲ. ಭಾವನ ಮನೆಯಲ್ಲಿ ಎರಡು ಕೋಣೆ ಖಾಲಿ ಉಳಿದವು. ಆ ಒಂದು ನಕ್ಷತ್ರದಿಂದಲೋ, ನಮ್ಮ ಪೋಸ್ಟಿನಿಂದಲೋ ಹೇಳಲಾರೆ. ಫೋನ್ ಮಾಡಿದ ಒಬ್ಬರು ಮಾತ್ರ "ಫೋಟೋ ಹಾಕ್ತಾರಲ್ಲ, ಅದೇ ಮನೆಯಾ?" ಅಂತ ನೇರವಾಗಿ ಕೇಳಿದ್ದರು. ಮೋಸದ ನಂಬರಿನ ಬಗ್ಗೆ ಒಬ್ಬರೂ ಕೇಳಲಿಲ್ಲ.

ಬುಕಿಂಗ್ ಫೋನು ಈಗ ಅಕ್ಕನ ಕೈಯಲ್ಲಿ ಇದೆ. ಮುಂಗಡ ಕೇಳುವ ಮೊದಲು ವಿಡಿಯೋ ಕರೆ ಮಾಡಿ ಅಂಗಳ ತೋರಿಸುತ್ತಾರೆ. ಹಣ ಹಾಕುವಾಗ ಯಾರ ಹೆಸರು ಕಾಣಬೇಕು ಅಂತ ಹೇಳಿ, "ಬೇರೆ ಹೆಸರು ಕಂಡ್ರೆ ಹಾಕಡಿ" ಅಂತ ಸೇರಿಸುತ್ತಾರೆ. ಸ್ಕ್ರೀನ್‌ಶಾಟ್ ಬೇಡ ಅನ್ನುತ್ತಾರೆ, ಖಾತೆಗೆ ಬಂದದ್ದು ತಮಗೇ ಕಾಣುತ್ತದಲ್ಲ.

ಆ ವಿಮರ್ಶೆ ಇನ್ನೂ ಇದೆ. ಬರೆದ ಹುಡುಗ ಅದನ್ನು ತೆಗೆಯಲಿಲ್ಲ. ಯಾವಾಗಲೋ 'ಓನರ್ ಕಳ್ಳ' ಅನ್ನುವ ಎರಡು ಪದ ಮಾತ್ರ ಅಳಿಸಿದ್ದಾನೆ. ಜಗುಲಿಯ ಕ್ಯಾಮೆರಾವನ್ನು ಮಾಣಿ ಬಿಚ್ಚಿ ಗೇಟಿನ ಕಡೆಗೆ, ರಸ್ತೆ ಮಾತ್ರ ಕಾಣುವಂತೆ ಹಾಕಿದ. ಹಳೆಯ ಜಾಗದಲ್ಲಿ ಮೊಳೆ ಉಳಿದಿತ್ತು. ಮೊನ್ನೆ ಹೋದಾಗ ಅದಕ್ಕೆ ಅಕ್ಕ ಅಡಿಕೆ ಮಂಡಿಯವರು ಕೊಟ್ಟ ಕ್ಯಾಲೆಂಡರು ತೂಗುಹಾಕಿದ್ದರು.